ಡ್ಯಾಶ್‌ಹೌಂಡಿಗೆ ಎತ್ತಿನ ಔಷಧ

ಮನಿಗೆ ಎಂಥಾ ನಾಯಿ ತರೂಣು ಅಂತ ಮಮದಾಪುರ ಕಡೆಯ ಸಾಲಿ ಮಾಸ್ತರೊಬ್ಬರು ನಾನಿರೋ ದನದ ದವಾಖಾನಿಗೆ ಬಂದು ಕೇಳಿದ್ರು. "ಡ್ಯಾಶ್‌ಹೌಂಡ್ ತರ್ರಿ, ಮಕ್ಕಳಿಗೆ ಹೊಂದತೈತಿ" ಅಂದವನು ನಾನ. ಉದ್ದ ಬೆನ್ನಿನ ನಾಯಿ, ದಪ್ಪ ಆಗಾಕ ಬಿಡಬ್ಯಾಡ್ರಿ, ಪಾವಟಿಗಿ ಹತ್ತಿ ಇಳಿಯಾಕ ಬಿಡಬ್ಯಾಡ್ರಿ, ಎತ್ತುವಾಗ ಎರಡೂ ಕೈ ಕೊಡ್ರಿ ಅಂತ ಎಲ್ಲಾ ಹೇಳಿದೆ. ಅವರು ವಹಿಯೊಳಗ ಬರಕೊಂಡ್ರು. ಗೋಕಾಕದಾಗ ಮರಿ ಸಿಕ್ತು.

ವರ್ಷದ ಮ್ಯಾಲ ಅದನ್ನ ಬುಟ್ಟಿಯೊಳಗ ಹೊತಗೊಂಡು ಬಂದ್ರು. ಹಿಂದಿನ ಎರಡೂ ಕಾಲು ಸತ್ತಿದ್ದವು. ಸೊಂಟದ ಮ್ಯಾಲ ಎರಡು ಸುಟ್ಟ ಗೆರಿ, ಕೀವು ತುಂಬಿದ್ದವು.

"ಇದೇನ್ರಿ ಮಾಸ್ತರ?"

"ಪಾವಟಿಗಿ ಮ್ಯಾಲಿಂದ ಜಿಗದು ಸೊಂಟ ಹಿಡಕೊಂತ್ರಿ. ಎತ್ತಿಗೆ ಸೊಂಟ ಹಿಡದ್ರ ಬರಿ ಹಾಕಸ್ತೇವಲ್ರಿ, ಹಂಗ ಕುಡಗೋಲು ಕಾಸಿ ಹಾಕಿಸಿದ್ವಿ."

"ಯಾವಾಗ?"

"ಎಂಟು ದಿನಾ ಆತ್ರಿ. ಗುಣಾ ಆಗತೈತಿ ಅಂತ ಹಾದಿ ನೋಡಿದ್ವಿ."

ಅವತ್ತ ತಂದಿದ್ರ ಏನರ ಮಾಡಬಹುದಿತ್ತು. ನಾನು ಬಾಯಿಗೆ ಬಂದಂಗ ಬೈದೆ. ಮಾಸ್ತರು ಎಲ್ಲಾ ಕೇಳಿಕೊಂಡು, "ನೀವು ಹೇಳಿದ್ದರಾಗ ಬರಿ ಹಾಕಬ್ಯಾಡ್ರಿ ಅಂತ ಇರಲಿಲ್ಲರಿ" ಅಂದ್ರು. ಅವರ ದನಿ ಕೇಳಿ ನಾಯಿ ಖುಷಿಲೆ ಕುತ್ತಿಗಿ ಎತ್ತಿತು. ಬಾಲ ಅಲ್ಲಾಡಲಿಲ್ಲ.

ಈಗ ನಾಯಿ ಸಾಕತೇನಿ ಅಂತ ಬಂದವರಿಗೆ ಊಟದ ಮಾತಿಗಿಂತ ಮೊದಲ "ಬರಿ ಹಾಕಬ್ಯಾಡ್ರಿ" ಅಂತೇನಿ. "ನಾಯಿಗೆ ಯಾರರ ಬರಿ ಹಾಕತಾರೇನ್ರಿ ಡಾಕ್ಟರ?" ಅಂತ ನಗತಾರ.

ಹಾಕತಾರ್ರಿ. ಸಾಲಿಯೊಳಗ ವಿಜ್ಞಾನ ಹೇಳೋರ ಹಾಕತಾರ.