ಕಟ್ ಎನ್ನುವವರೆಗೆ

ನಾನು ನೋಡಿಕೊಳ್ಳುತ್ತಿದ್ದ ಮುದುಕರು ಸತ್ತು ಸತ್ತೇ ಹೊಟ್ಟೆ ಹೊರೆದವರು. ಡನ್ ಲಿಯರಿ ಎಂಬ ಐರಿಷ್ ಊರಿನಲ್ಲಿ ಸಮುದ್ರದ ಎದುರಿನ ಮನೆಯಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಹೋಗಿ ಸ್ನಾನ, ತಿಂಡಿ, ಮಾತ್ರೆ ಮುಗಿಸಿ ಮಧ್ಯಾಹ್ನದವರೆಗೆ ಅವರ ಜೊತೆಗಿರುವುದು ನನ್ನ ಕೆಲಸ.

ಪ್ರಾಯದಲ್ಲಿ ಅವರು ಕುದುರೆ ಲಾಯದಲ್ಲಿದ್ದರು. ಕುದುರೆಯಿಂದ ಚೆನ್ನಾಗಿ ಬೀಳುತ್ತಾನೆ ಎಂಬ ಒಂದೇ ಅರ್ಹತೆಯ ಮೇಲೆ ಸ್ಪೇನಿಗೆ ಹೋಗಿ ಕೌಬಾಯ್ ಸಿನಿಮಾ ಸೇರಿದರು. ಕುಡುಕ, ಕ್ಷೌರಿಕ, ತಂತಿ ಆಫೀಸಿನ ಗುಮಾಸ್ತ, ಷರೀಫನ ಸಹಾಯಕ, ಹೀಗೆ ಯಾವ ವೇಷ ಕೊಟ್ಟರೂ ಇಂಟರ್‌ವಲ್ ದಾಟುವ ಯೋಗ ಮಾತ್ರ ಇರಲಿಲ್ಲ. ಇದ್ದ ಒಂದೆರಡು ಮಾತನ್ನೂ ಬೇರೆ ಯಾರೋ ಡಬ್ ಮಾಡುತ್ತಿದ್ದರು.

"ನಂದು ಅಂತ ಇದ್ದಿದ್ದು ಸಾಯೋದೊಂದೇ," ಎನ್ನುತ್ತಿದ್ದರು. "ಅದನ್ನ ಡಬ್ ಮಾಡೋಕಾಗಲ್ಲ ನೋಡು."

ಆ ಕಸುಬಿಗೊಂದು ನಿಯಮವಿತ್ತು. ಬಿದ್ದ ಮೇಲೆ ನಿರ್ದೇಶಕ 'ಕಟ್' ಎನ್ನುವವರೆಗೆ ಅಲುಗಾಡಬಾರದು. ಮೂಗಿನ ಮೇಲೆ ನೊಣ ಕೂತರೂ ಹೆಣ ಹೆಣವೇ. ಒಮ್ಮೆ ಹಾಗೆ ಬಿದ್ದುಕೊಂಡಿದ್ದಾಗ ಕುದುರೆಯೊಂದು ಕೈ ತುಳಿದು ಹೋಯಿತಂತೆ, ಇವರು ಉಸಿರೆತ್ತಲಿಲ್ಲ. ಎಡಗೈಯ ಕಿರುಬೆರಳು ಅಂದಿನಿಂದ ಸೊಟ್ಟ.

ನಾನು ನಮ್ಮ ಕುಂದಾಪುರದ ಕಡೆಯ ಯಕ್ಷಗಾನದ ಸುದ್ದಿ ಹೇಳಿದೆ. ನಮ್ಮಲ್ಲಿ ರಕ್ಕಸ ಸತ್ತ ಮೇಲೆ ತಾನೇ ಎದ್ದು, ಕಿರೀಟ ಸರಿಮಾಡಿಕೊಂಡು, ವೇಷ ಕಟ್ಟುವ ಚೌಕಿಗೆ ನಡೆದುಹೋಗಿ ಚಹಾ ಕುಡಿಯುತ್ತಾನೆ. ಯಾರೂ ತಪ್ಪು ತಿಳಿಯುವುದಿಲ್ಲ. ಮುದುಕರು ಕೆಮ್ಮು ಬರುವಷ್ಟು ನಕ್ಕರು.

"ಪುಣ್ಯವಂತ ನಿಮ್ಮ ರಕ್ಕಸ. ನಮಗೆ ಯಾರಾದ್ರೂ ಹೇಳ್ಲೇಬೇಕು."

ದೂರದ ಕಾರ್ಕ್ ನಗರದ ಡಗ್ಲಸ್‌ನಲ್ಲಿ ಅವರ ಮಗಳಿದ್ದಳು. ಚಿಕ್ಕವಳಿದ್ದಾಗ ಥಿಯೇಟರಿನಲ್ಲಿ ಅಪ್ಪನಿಗೆ ಗುಂಡು ತಗಲಿದ್ದು ನೋಡಿ ಚೀರಿ ಹೊರಗೆ ಓಡಿದ್ದಳಂತೆ. ಮತ್ತೆ ಅವರ ಸಿನಿಮಾ ನೋಡಲಿಲ್ಲ. ಡನ್ ಲಿಯರಿಯ ಫಿಲ್ಮ್ ಕ್ಲಬ್ಬಿನವರು ಅವರ ಹಳೆಯ ಚಿತ್ರವೊಂದನ್ನು ಹಾಕಿ, ಮುಗಿದ ಮೇಲೆ ಅವರನ್ನು ವೇದಿಕೆಯಲ್ಲಿ ಮಾತಾಡಿಸುತ್ತಾರೆಂದು ತಿಳಿದದ್ದೇ ನನಗೆ ಫೋನ್ ಮಾಡಿದಳು.

"ಜನ ಕಂಡ್ರೆ ಅಪ್ಪ ಬೀಳ್ತಾರೆ. ನಂಗೊತ್ತು ಅವರು ಎಂಥವರು ಅಂತ. ಇನ್ನೊಂದ್ಸಲ ಬಿದ್ರೆ ಆ ಸೊಂಟದ ಮೂಳೆ ತಡ್ಕೊಳಲ್ಲ, ಡಾಕ್ಟರ್ ಹೇಳಿದಾರೆ. ಕುರ್ಚಿ ಬಿಟ್ಟು ಏಳೋಕೆ ಬಿಡ್ಬೇಡ."

ಬಿಡುವುದಿಲ್ಲವೆಂದು ಮಾತು ಕೊಟ್ಟೆ. ನನ್ನ ಗಂಡನಿಗೆ ಹೇಳಿದರೆ ಅವನು, "ಹಾದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡೆ ನೀನು. ಏನಾದ್ರೂ ಆದ್ರೆ ಕೆಲಸಕ್ಕೇ ಸಂಚಕಾರ," ಎಂದ. ಅವನು ಹೇಳುವುದು ಸರಿ ಇದ್ದಾಗಲೇ ನನಗೆ ಸಿಟ್ಟು ಹೆಚ್ಚು.

ಸಿನಿಮಾ ತೋರಿಸುವ ದಿನ ಮುದುಕರು ಕಪಾಟಿನ ಮೇಲಿನಿಂದ ಹಳೆಯ ಹ್ಯಾಟ್ ತೆಗೆಸಿದರು.

"ಇದ್ಯಾಕೆ?"

"ಫೋಟೋಗೆ."

"ನೀವೇನಾದ್ರೂ ಬಿದ್ರೆ ನಾಳೆಯಿಂದ ನಾನು ಬರಲ್ಲ."

"ಗ್ರ್ಯಾಂಡ್," ಎಂದರು. 'ಆಯಿತು' ಎನ್ನಲು ಈ ದೇಶದವರು ಹೇಳುವ ಮಾತು ಅದು; ಹಾಗೆಂದವರು ಒಪ್ಪಿದರೋ ಇಲ್ಲವೋ ದೇವರಿಗೇ ಗೊತ್ತು.

ಸಭೆಯಲ್ಲಿ ಮೊದಲ ಸಾಲಿನ ತುದಿಯಲ್ಲಿ ಕೂತೆ. ಪರದೆಯ ಮೇಲೆ ಅವರು ಕ್ಷೌರಿಕ. ಕೈಯಲ್ಲಿ ಸೋಪಿನ ಬ್ರಷ್ ಹಿಡಿದೇ ಅಂಗಡಿಯಿಂದ ಹೊರಬಂದರು, ಗುಂಡು ತಿಂದರು, ಮೆಟ್ಟಿಲುಗಳ ಮೇಲೆ ಉರುಳಿದರು. ಬ್ರಷ್ ಮಾತ್ರ ಕೈಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ದೀಪ ಹತ್ತಿದ ಮೇಲೆ ಮುದುಕರು ವೇದಿಕೆಯ ಕುರ್ಚಿಯಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ನಾನು ಉತ್ತರ ಕೇಳಲಿಲ್ಲ, ಅವರ ತೊಡೆಯ ಮೇಲಿದ್ದ ಹ್ಯಾಟನ್ನೇ ನೋಡುತ್ತಿದ್ದೆ.

ಕೊನೆಗೆ ನನ್ನ ಸಾಲಿನಲ್ಲೇ ಕೂತಿದ್ದ ನರೆತ ತಲೆಯವನೊಬ್ಬ ತಮಾಷೆಗೆ ಎರಡು ಬೆರಳನ್ನು ಪಿಸ್ತೂಲಿನಂತೆ ಚಾಚಿ, "ಢಂ" ಎಂದ. ಅವನ ಬಾಯಿಗಿಷ್ಟು ಮಣ್ಣು ಹಾಕ. ನಾನು ಏಳುವಷ್ಟರಲ್ಲಿ ಮುದುಕರು ಹ್ಯಾಟ್ ಹಾಕಿಕೊಂಡು ಎದ್ದು ನಿಂತಿದ್ದರು. ಎದೆ ಹಿಡಿದುಕೊಂಡು ಅರ್ಧ ಸುತ್ತು ತಿರುಗಿ ಬಿದ್ದರು.

ವಯಸ್ಸಾದವರು ಬೀಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲರೂ ಏನಾದರೂ ಹಿಡಿಯಲು ತಡಕಾಡುತ್ತಾರೆ. ಇವರು ತಡಕಾಡಲಿಲ್ಲ. ಹಲಗೆಯ ಮೇಲೆ ಸೊಂಟ ಬಡಿದ ಸದ್ದು ನನಗೆ ಕೇಳಿತು. ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ನಾನು ವೇದಿಕೆ ಹತ್ತಿ ಮಂಡಿಯೂರಿದೆ. ಕಣ್ಣು ಅರ್ಧ ತೆರೆದಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಮಣಿಕಟ್ಟು ಹಿಡಿದೆ. ನನ್ನ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಬೆರಳಿಗೆ ಸಿಕ್ಕ ಬಡಿತ ಅವರದೋ ನನ್ನದೋ ತಿಳಿಯಲಿಲ್ಲ. ಚಪ್ಪಾಳೆ ನಿಂತಿತು. ಯಾರೋ ನಕ್ಕರು. ಹೇಳಬೇಕಾದ ಮಾತು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಆದರೆ ನಾನು ಹೇಳದಿರುವಷ್ಟು ಹೊತ್ತು ಅವರು ನಟಿಸುತ್ತಿದ್ದಾರೆ ಎಂದುಕೊಳ್ಳಬಹುದು. ಹೇಳಿದ ಮೇಲೂ ಏಳದಿದ್ದರೆ? ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

"ಕಟ್," ಎಂದೆ.

ರೆಪ್ಪೆ ಬಡಿಯಿತು. "ಯಾಕಿಷ್ಟು ತಡ ಮಾಡಿದೆ?" ಎಂದು ಪಿಸುಗುಟ್ಟಿದರು. "ಸೊಂಟ ಹೋಯ್ತು ಅನ್ಸತ್ತೆ. ಚೆನ್ನಾಗ್ ಬಂತಾ?"

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಉರುಳಿಹೋಗಿದ್ದ ಹ್ಯಾಟ್ ಎತ್ತಿಕೊಂಡು ಅಳುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ.

ಮಾರನೆಯ ದಿನ ಆಪರೇಷನ್. ಈ ವಯಸ್ಸಿನಲ್ಲಿ ಅರಿವಳಿಕೆಯಿಂದ ಎಚ್ಚರವಾಗುತ್ತಾರೆಂದು ಹೇಳಲಾಗದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಡಗ್ಲಸ್‌ನಿಂದ ಬಂದ ಮಗಳು ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಏನು ಹೇಳುತ್ತಿದ್ದೆನೋ.

ಆಪರೇಷನ್ ಮುಗಿಯಿತು. ನರ್ಸ್ ಭುಜ ತಟ್ಟಿ ತಟ್ಟಿ ಕರೆದಳು. ಮಗಳು ಕೈ ಹಿಡಿದು "ಡ್ಯಾಡಿ, ಡ್ಯಾಡಿ" ಎನ್ನುತ್ತಲೇ ಇದ್ದಳು. ಮುಖ ಅಲುಗಲಿಲ್ಲ. ನರ್ಸ್ ಡಾಕ್ಟರನ್ನು ಕರೆಯಲು ಹೋದಳು. ಹ್ಯಾಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ತಡೆಯಲಾರದೆ ಹೇಳಿದೆ.

"ಕಟ್ ಅನ್ನಿ. ಯಾರಾದ್ರೂ ಹಾಗನ್ನೋವರೆಗೂ ಅವರು ಏಳಲ್ಲ."

ಅವಳು ತಿರುಗಿ ನೋಡಿದ ನೋಟಕ್ಕೆ ನನ್ನನ್ನು ಅಟ್ಟಿಬಿಡುತ್ತಾಳೆಂದೇ ಅಂದುಕೊಂಡೆ. ಸಿನಿಮಾ ನೋಡುವವರಿಗೆ ಆ ಮಾತು ಕೇಳಿಸುವುದಿಲ್ಲ, ಅದನ್ನು ತೆಗೆದುಹಾಕಿರುತ್ತಾರೆ. ಚಿಕ್ಕವಳಿದ್ದಾಗ ಅವಳು ಥಿಯೇಟರಿನಲ್ಲಿ ಅಪ್ಪ ಬಿದ್ದದ್ದನ್ನಷ್ಟೇ ನೋಡಿದ್ದಳು.

ಅವಳು ಅಪ್ಪನ ಕಿವಿಯ ಹತ್ತಿರ ಬಗ್ಗಿದಳು. ಗಂಟಲು ಸರಿಮಾಡಿಕೊಂಡಳು.

"ಕಟ್, ಡ್ಯಾಡಿ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳ ಅಂಗೈಯೊಳಗೆ ಆ ಸೊಟ್ಟ ಕಿರುಬೆರಳು ಅಲುಗಿತು.