ಲತೀಫಾ ಒಳಗೆ ನುಗ್ಗಿದ ಬಾಗಿಲು

೧೯೮೧ರಲ್ಲಿ ಲತೀಫಾಗೆ ಹದಿನೇಳು ವರ್ಷ. ಮಾನ್ವಿಯ ಸಂತೆಯಲ್ಲಿ ತಂದೆ ಸತ್ತಾರ್ ಸಾಬ್ ಬಳೆ ಮಾರುತ್ತಿದ್ದರು, ಅವಳು ತೊಡಿಸುತ್ತಿದ್ದಳು. ಆ ವರ್ಷ ಅವಳ ಕುತ್ತಿಗೆಯಲ್ಲಿ ಗಂಟು ಎದ್ದಿತು. ಊರಿನ ಡಾಕ್ಟರು ಟಿ.ಬಿ. ಎಂದು ಎಂಟು ತಿಂಗಳು ಸೂಜಿ ಚುಚ್ಚಿದರು. ಒಂದಿದ್ದ ಗಂಟು ಮೂರಾಯಿತು.

ರಾಯಚೂರಿನ ಆಸ್ಪತ್ರೆಯೊಂದಕ್ಕೆ ಹೋದರೆ ಮಕ್ಕಳ ವಾರ್ಡಿನ ನರ್ಸು, "ಇಷ್ಟುದ್ದ ಬೆಳದಾಳ, ಇಕಿ ಕೂಸೇನು?" ಎಂದು ಅಟ್ಟಿದಳು. ಹೆಂಗಸರ ವಾರ್ಡಿನವಳು, "ಮದುವಿ ಆಗಿಲ್ಲಲ್ಲ, ಮಕ್ಕಳ ಕಡಿ ಹೋಗ್ರಿ" ಎಂದಳು. ಎರಡು ದಿನ ಅಪ್ಪ ಮಗಳು ಮೆಟ್ಟಿಲ ಮೇಲೆ ಕೂತರು. ಕೊನೆಗೆ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ದೊಡ್ಡ ಡಾಕ್ಟರು ತಂದೆಯನ್ನಷ್ಟೇ ಕರೆದು ಬಾಗಿಲು ಹಾಕಿಕೊಂಡರು. ಹೊರಬಂದ ಸತ್ತಾರ್ ಸಾಬ್ ಮಗಳ ಮುಖ ನೋಡದೆ, "ಏನಿಲ್ಲ ಬೇಟಿ, ಟಿ.ಬಿ.ನೇ" ಎಂದರು.

ಲತೀಫಾ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ಗಂಟು ನನ್ನ ಕುತ್ತಿಗ್ಯಾಗ ಅದ. ಮಾತು ಅಬ್ಬಾನ ಕೂಡ ಯಾಕ್ರಿ?"

"ದೊಡ್ಡೋರ ಮಾತು ನಿನಗ್ಯಾಕ? ಹೊರಗ ನಡಿ."

"ಸಾಯಾಕ ದೊಡ್ಡಾಕಿ, ಕೇಳಾಕ ಸಣ್ಣಾಕಿ ಏನ್ರಿ ನಾನು?"

ಡಾಕ್ಟರು ಪೆನ್ನು ಎಸೆದರು. "ಕ್ಯಾನ್ಸರ್. ತಿಳೀತಾ? ಹೈದರಾಬಾದಿಗೆ ಹೋಗಿ ಕರೆಂಟ್, ಅಂದ್ರ ರೇಡಿಯೇಶನ್, ಕೊಡಿಸ್ಕೊ. ಇಲ್ಲಾಂದ್ರ ಬಿಡು."

ಸುದ್ದಿ ಹರಡುವುದರೊಳಗೆ ನಿಶ್ಚಿತಾರ್ಥ ಮುಗಿಸಬೇಕೆಂದು ಸೋದರತ್ತೆ ಸರ್ವರಿ ಬೇಗಂ ದೇವದುರ್ಗದಿಂದ ಗಂಡಿನ ಕಡೆಯವರನ್ನು ಕರೆಸಿದಳು. ಲತೀಫಾ ಚಹಾ ಇಟ್ಟು, ಸೆರಗು ಸರಿಸಿ ಗಂಟು ತೋರಿಸಿದಳು. "ನನಗ ಕ್ಯಾನ್ಸರ್ ಅದ. ಮೊದಲು ದವಾಖಾನಿಗೆ ಹೋಗ್ತೀನಿ." ಬಂದವರು ಚಹಾ ಮುಟ್ಟದೆ ಎದ್ದರು. ಅತ್ತೆ ಕೆನ್ನೆಗೆ ಬಾರಿಸಿದಳು, ಮತ್ತೆಂದೂ ಮಾತಾಡಲಿಲ್ಲ.

ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಪಕ್ಕದ ಮಂಚ ಅರಕೇರಾದ ಅಮರಮ್ಮನದು, ವಯಸ್ಸು ಹತ್ತೊಂಬತ್ತು. ಅವಳ ಮೊಣಕಾಲಿನ ಊತಕ್ಕೆ ಒಂದು ವರ್ಷ ಎಣ್ಣೆ ತಿಕ್ಕಿದ್ದರು. "ನನಗೇನಾಗ್ಯಾದಬೇ? ಯಾರೂ ಹೇಳವಲ್ರು" ಎಂದಳು. ಅದೂ ಕ್ಯಾನ್ಸರೇ ಎಂದು ಲತೀಫಾ ಹೇಳಿದಳು. ಇಪ್ಪತ್ತು ದಿನಕ್ಕೆ ಅಮರಮ್ಮ ತೀರಿಕೊಂಡಾಗ ಅವಳ ಅಣ್ಣ ಪಕೀರಪ್ಪ ಹರಿಹಾಯ್ದ: "ನೀ ಹೇಳಿದ್ದಕ್ಕ ಎದಿ ಒಡದು ಸತ್ತಳು!"

"ನಾ ಹೇಳಿದ್ಮ್ಯಾಗ ಹಟ ಮಾಡಿ ತನ್ನ ಅವ್ವನ್ನ ಕರಸ್ಕೊಂಡ್ಲು. ನೀವು ಅದನ್ನೂ ಕಸ್ಗೊಳ್ಳೋರಿದ್ರಿ."

ಹಾಗೆ ಅಂದಳಾದರೂ, ಪಕೀರಪ್ಪನ ಮಾತು ಅವಳನ್ನು ವರ್ಷಗಟ್ಟಲೆ ಕೊರೆಯಿತು.

ಅವಳ ಗಂಟುಗಳು ಕರಗಿದವು. ಮತ್ತೆ ಬಳೆ ಅಂಗಡಿಯಲ್ಲಿ ಕೂತಳು. ಆದರೆ ಸುತ್ತಲಿನ ಯಾವ ಹುಡುಗ ಹುಡುಗಿಗೆ ಈ ರೋಗ ಬಂದರೂ ರಾಯಚೂರಿನ ಅದೇ ಆಸ್ಪತ್ರೆಗೆ ತಾನೇ ಕರೆದೊಯ್ದು, ಏನಾಗಿದೆಯೆಂದು ಅವರಿಗೇ ಹೇಳಿ ಎಂದು ಹಟ ಹಿಡಿಯುತ್ತಿದ್ದಳು. ದೊಡ್ಡ ಡಾಕ್ಟರು ಅವಳನ್ನು ಕಂಡರೆ ಸಿಡಿಯುತ್ತಿದ್ದರು. ಜವಾನ ಹುಲಿಗೆಪ್ಪ ಎರಡು ಸಲ ರಟ್ಟೆ ಹಿಡಿದು ಹೊರಹಾಕಿದ. ೧೯೮೬ರಲ್ಲಿ ಮೇಲಧಿಕಾರಿ ತಪಾಸಣೆಗೆ ಬಂದಾಗ ಅವಳು ಆರು ರೋಗಿಗಳನ್ನೂ ಅವರ ಮನೆಯವರನ್ನೂ ಗೇಟಿನಲ್ಲೇ ನಿಲ್ಲಿಸಿ, ಈ ವಯಸ್ಸಿನವರಿಗೆ ಬೇರೆ ವಾರ್ಡು ಕೇಳಿದಳು. ಅಧಿಕಾರಿಯ ಆದೇಶದಿಂದ ಹಳೆಯ ಉಗ್ರಾಣವೊಂದು ಖಾಲಿಯಾಗಿ, ಹದಿಮೂರರಿಂದ ಇಪ್ಪತ್ತೈದರವರಿಗೆಂದು ನಾಲ್ಕು ಮಂಚ ಬಿದ್ದವು.

"ಆತಲ್ಲ? ಇನ್ನ ನಿನ್ನ ಮಾರಿ ತೋರಿಸಬ್ಯಾಡ" ಎಂದರು ಡಾಕ್ಟರು.

ಮರುವಾರವೇ ಅವಳು ಹಿರೇಕೊಟ್ನೆಕಲ್‌ನ ಹುಡುಗಿಯೊಬ್ಬಳೊಂದಿಗೆ ಬಂದಳು. ಡಾಕ್ಟರು ಲತೀಫಾಳತ್ತ ತಿರುಗಲೂ ಇಲ್ಲ. ಸ್ಟೂಲು ಎಳೆದು ಹುಡುಗಿಯನ್ನು ಕೂರಿಸಿ, "ನೋಡವ್ವಾ, ನಿನಗೇನಾಗ್ಯಾದಂದ್ರ" ಎಂದು ಅವಳಿಗೇ ಹೇಳತೊಡಗಿದರು.