ಹೊನ್ನವ್ವ ಹುಡುಕಿದ ಕಾಗದ

ಬ್ಯಾಡಗಿಯ ಸ್ಟೇಷನ್ ರೋಡಿನಲ್ಲಿ ಅಬ್ದುಲರಜಾಕನ ಟಿಕೆಟ್ ಅಂಗಡಿ ಎಂದರೆ ಒಂದು ಕಂಪ್ಯೂಟರ್, ಒಂದು ಬೆಂಚು, ಗೋಡೆಗೆ ಎರಡು ಕ್ಯಾಲೆಂಡರ್. ಉರ್ದುವಿನದು ಅವನಿಗೆ. ಅಮಾವಾಸ್ಯೆ, ರಾಹುಕಾಲ ಅಚ್ಚಾದ ಕನ್ನಡದ್ದು ಗಿರಾಕಿಗಳಿಗೆ. ಯಾವ ಮನೆಯವರು ಯಾವ ದಿನ ಊರು ಬಿಡುವುದಿಲ್ಲ ಎಂಬುದು ಆ ಮನೆಯ ಹಿರಿಯರಿಗಿಂತ ರಜಾಕನಿಗೇ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷ ಬಸ್ಸು, ರೈಲಿನ ಟಿಕೆಟ್ ತೆಗೆದವನು ಈಚೆಗೆ ವಿಮಾನದ್ದೂ ಶುರು ಮಾಡಿದ್ದ. ಎಡವಿದ್ದು ಅಲ್ಲೇ.

ಹೊನ್ನವ್ವ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸು. ಅದೇ ದುಡಿಮೆಯಲ್ಲಿ ಮಗಳು ಶೈಲಾಳನ್ನು ನರ್ಸಿಂಗ್ ಓದಿಸಿದ್ದಳು. ಶೈಲಾ ಈಗ ಗಂಡನ ಜೊತೆ ಮಾಲ್ಟಾ ಎಂಬ ದ್ವೀಪದೇಶದಲ್ಲಿದ್ದಳು, ತುಂಬಿದ ಬಸುರಿ. ಬಾಣಂತನಕ್ಕೆ ತಾಯಿ ಹೋಗಬೇಕಿತ್ತು. ಮಾಲ್ಟಾದ ವೀಸಾಕ್ಕೆ ಬೇಕಾದ್ದನ್ನೆಲ್ಲ ಮಗಳೇ ಕಳಿಸಿ ಮಾಡಿಸಿದ್ದಳು. ರಜಾಕನ ಪಾಲಿಗೆ ಉಳಿದದ್ದು ಟಿಕೆಟ್ ಒಂದೇ.

ಸರಿಯಾದ ಟಿಕೆಟ್ ಇತ್ತು. ದುಬೈನಲ್ಲಿ ವಿಮಾನ ಬದಲಿಸಬೇಕು, ಆದರೆ ಟಿಕೆಟ್ ಒಂದೇ, ಬ್ಯಾಗು ನೇರ ಮಾಲ್ಟಾಕ್ಕೆ. ಅದು ಸಿಗುತ್ತಿದ್ದದ್ದು ಮಾತ್ರ ಅಮಾವಾಸ್ಯೆಯ ದಿನ.

“ಬಸುರಿ ಮಗಳ ಹಂತ್ಯಾಕ ಹೊಂಟೇನಿ. ಅಮಾಸಿ ದಿನ ಹೊಸ್ತಿಲಾ ಹ್ಯಾಂಗ ದಾಟ್ಲಿರಿ ಅಣ್ಣಾರ?” ಎಂದಳು ಹೊನ್ನವ್ವ.

“ನಾ ಅದೀನಲ್ರಿ ಅಕ್ಕಾರ” ಎಂದ ರಜಾಕ.

ಅಮಾವಾಸ್ಯೆಗೆ ಎರಡು ದಿನ ಮೊದಲಿಗೆ, ದುಬೈವರೆಗೆ ಒಂದು, ಅಲ್ಲಿಂದ ಮಾಲ್ಟಾಕ್ಕೆ ಇನ್ನೊಂದು ಎಂದು ಬೇರೆ ಬೇರೆ ಕಂಪನಿಗಳ ಎರಡು ಟಿಕೆಟ್ ಹೊಂದಿಸಿಕೊಟ್ಟ. ಹಾವೇರಿಯಿಂದ ಬಂದವರು ಬ್ಯಾಡಗಿಯಲ್ಲಿಳಿದು ಕಾಗಿನೆಲೆ ಬಸ್ಸು ಹತ್ತುವುದಿಲ್ಲವೇ, ಇದೂ ಹಾಗೇ ಎಂದುಕೊಂಡ. ವಿಮಾನದ ಕಥೆ ಹಾಗಲ್ಲ. ಟಿಕೆಟ್ ಎರಡಾದರೆ ಬ್ಯಾಗೂ ನಡುದಾರಿಯಲ್ಲಿ ಇಳಿಯುತ್ತದೆ. ಅದನ್ನು ಎತ್ತಿಕೊಳ್ಳಲು ಆ ದೇಶದ ಬಾಗಿಲು ದಾಟಿ ಹೊರಗೆ ಬರಬೇಕು, ದಾಟಲು ಅಲ್ಲಿಯ ವೀಸಾ ಬೇಕು. ಟಿಕೆಟ್ ತೆಗೆಯುವಾಗ ಸಣ್ಣಕ್ಷರದಲ್ಲಿ ಬರೆದೇ ಇತ್ತು. ಪುಣ್ಯಾತ್ಮ ಓದಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹೊನ್ನವ್ವನನ್ನು ತಡೆದರು. ಕೌಂಟರಿನ ಹೆಣ್ಣುಮಗಳು ಹೊನ್ನವ್ವನ ಫೋನಿನಲ್ಲೇ ರಜಾಕನಿಗೆ ಇದನ್ನೆಲ್ಲ ಹಿಂದಿಯಲ್ಲಿ ಬಿಡಿಸಿ ಹೇಳಿದಳು.

“ಏನಂತಾರ್ರಿ ಅಣ್ಣಾರ?” ಎಂದಳು ಹೊನ್ನವ್ವ, ಫೋನು ಕೈಗೆ ಬಂದ ಕೂಡಲೇ.

ಆಗಲೇ ಹೇಳಿಬಿಡಬಹುದಿತ್ತು. “ಯಾವುದೋ ಒಂದು ಕಾಗದ ಕಮ್ಮಿ ಬಿದ್ದೈತಂತ್ರಿ. ತಿರುಗಿ ಬರ್ರಿ” ಎಂದ. ಪೂರಾ ಸುಳ್ಳೂ ಅಲ್ಲ, ಖರೇನೂ ಅಲ್ಲ. ಅಂಥ ಮಾತಿಗೇ ವಿಷ ಜಾಸ್ತಿ.

ಮೂರನೆಯ ದಿನ ಶೈಲಾ ಹೆಣ್ಣು ಹಡೆದಳು. ಹೊನ್ನವ್ವ ಬ್ಯಾಡಗಿಯಲ್ಲೇ ಇದ್ದಳು.

ಮರುದಿನ ಅವಳು ಅಂಗಡಿಗೆ ಬಂದು ಬ್ಯಾಗನ್ನು ಬೆಂಚಿನ ಮೇಲೆ ಸುರಿದಳು. ಅಂಟಿನುಂಡಿಯ ಡಬ್ಬಿ, ಖಾರಪುಡಿ, ಕೂಸಿನ ಕುಲಾವಿ. ಒಂದೊಂದನ್ನೂ ಕೊಡವಿ ನೋಡಿದಳು.

“ಆ ಕಾಗದ ನಾನ ಎಲ್ಲೋ ಕಳದೇನ್ರಿ. ಮನ್ಯಾಗ ಟ್ರಂಕ ಸೈತ ಝಾಡಿಸಿ ನೋಡೀನಿ.”

“ಹೋಗ್ಲಿ ಬಿಡ್ರಿ ಅಕ್ಕಾರ, ಬ್ಯಾರೆ ಟಿಕೆಟ್ ತಗೀತೇನಿ” ಎಂದ ರಜಾಕ.

“ಬ್ಯಾಡ್ರಿ. ಒಂದು ಕಾಗದ ಜ್ವಾಕಿ ಮಾಡಾಕ ಬರದಾಕಿ, ಕೂಸಿನ್ನ ಏನ್ ಜ್ವಾಕಿ ಮಾಡ್ಲಿ? ಮಗಳ ಫೋನ್ ಬಂದ್ರ ಎತ್ತಾಕೂ ನಾಚಿಕಿ ಬರ್ತೈತಿ.”

ಅಲ್ಲಿ ಹಸಿ ಬಾಣಂತಿಯ ಹತ್ತಿರ ಹಿರಿಯ ಹೆಂಗಸೊಬ್ಬಳಿಲ್ಲ, ಇಲ್ಲಿ ತಾಯಿ ಹೋಗಲೊಲ್ಲೆ ಎನ್ನುತ್ತಿದ್ದಾಳೆ. ಅದೂ ಇಲ್ಲದ ಕಾಗದವೊಂದರ ದೆಸೆಯಿಂದ. ಮಧ್ಯಾಹ್ನ ಊಟಕ್ಕೆ ಕೂತ ರಜಾಕ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. ಹೆಂಡತಿ ಮಹಮೂದಾಬೇಗಂ ಕೆದಕಿ ಕೇಳಿದ ಮೇಲೆ ಎಲ್ಲ ಹೇಳಿದ. ‘ರಜಾಕನ ಟಿಕೆಟ್ ಅಂದ್ರ ಟಿಕೆಟ್’ ಎಂದು ಊರಲ್ಲಿ ಮಾತಿತ್ತು. ಆ ಮಾತು ಕೆಡಬಾರದೆಂದು ಒಬ್ಬ ತಾಯಿಯನ್ನು ದಡ್ಡಿ ಮಾಡಿದ್ದ.

“ಆಕಿ ಹುಡಕೋ ಕಾಗದ ನಿಮ್ಮ ಬಾಯಾಗ ಐತಿ. ತಗದು ಕೊಡ್ರಿ” ಎಂದಳು ಹೆಂಡತಿ, ಮತ್ತೆ ರೊಟ್ಟಿ ಬಡಿಸಲಿಲ್ಲ.

ಆದರೂ ಇನ್ನೊಂದು ದಿನ ಕಳೆದ. ಹೇಡಿಗೆ ಯಾವತ್ತೂ ನಾಳೆಯೇ ಒಳ್ಳೆಯ ದಿನ. ಅದರ ಮರುದಿನ ಮಾರುಕಟ್ಟೆಗೆ ಹೋದ. ಮೆಣಸಿನಕಾಯಿಯ ರಾಶಿಯ ಸುತ್ತ ಹತ್ತು ಹೆಂಗಸರು. ಘಾಟಿಗೆ ಕೆಮ್ಮುತ್ತಲೇ, ಎಲ್ಲರೆದುರು ಹೇಳಿದ.

“ಅಕ್ಕಾರ, ನೀವು ಯಾವ ಕಾಗದಾನೂ ಕಳದಿಲ್ರಿ. ನಡುದಾರ್ಯಾಗ ದುಬೈದ ವೀಸಾ ಸೈತ ಬೇಕಂತ ನನಗ ಗೊತ್ತಿರಲಿಲ್ಲ. ನಾ ಮಾಡಸಿರಲಿಲ್ಲ. ತಪ್ಪು ನಂದು. ತಪ್ಪು ಮುಚ್ಚಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು.”

ಹೆಂಗಸರ ಕೈ ನಿಂತವು. ಹೊನ್ನವ್ವ ಅವನ ಮುಖವನ್ನೇ ನೋಡಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ಐದು ದಿನ ಹುಡುಕೀನಲ್ರಿ ಅಣ್ಣಾರ” ಎಂದಳು, ಅಷ್ಟೇ. ಖಾರದ ಕೈಯಿಂದ ಕಣ್ಣು ಮುಟ್ಟುವಂತಿಲ್ಲ. ತೋಳಿನಿಂದ ಒರೆಸಿಕೊಂಡಳು.

“ಒಂದ ಟಿಕೆಟ್ ತಗೀತೇನ್ರಿ, ಬ್ಯಾಗು ಸೀದಾ ಹೋಗೂವಂಥಾದ್ದು. ಖರ್ಚು ನಂದು.”

“ಲಗೂ ತಗೀರಿ. ಅಮಾಸಿ ಗಿಮಾಸಿ ನೋಡಬ್ಯಾಡ್ರಿ” ಎಂದಳು. ಆಮೇಲೆ ಪಕ್ಕದಲ್ಲಿಟ್ಟಿದ್ದ ಚೀಲದ ಕಡೆ ಗದ್ದದಿಂದ ತೋರಿಸಿದಳು. “ನನ್ನ ಕೈ ಖಾರ ಆಗ್ಯಾವ. ನೀವ ಹಚ್ರಿ ಫೋನು. ನೀವ ಹೇಳ್ರಿ ಆಕಿಗೆ.”

ರಜಾಕ ಚೀಲದಿಂದ ಅವಳ ಫೋನು ತೆಗೆದು, ಹಚ್ಚಿ ಕಿವಿಗಿಟ್ಟುಕೊಂಡ. ಆ ಕಡೆ ಕೂಸು ಅಳುತ್ತಿತ್ತು.

“ಅವ್ವಾ, ಕಡೀಗೂ ಫೋನ್ ಮಾಡಿದೇನು?” ಎಂದಳು ಶೈಲಾ.

“ಅವ್ವ ಅಲ್ಲವಾ, ನಾನು ರಜಾಕ ಕಾಕಾ” ಎಂದ ಅವನು. “ನಿಮ್ಮವ್ವ ಏನೂ ಕಳದಿಲ್ಲ.”